ಜಪಾನದವರ ಲಗ್ನ

ಮುಂಜಾನೆಯಿಂದ ಅಮೀರನ ಮನಸ್ಸು ಎಲ್ಲಿಯೂ ನಿಂತಿರಲಿಲ್ಲ. ನಿಪ್ಪಾಣಿಯ ಹಳೆ ಪೇಟೆಯಲ್ಲಿದ್ದ ತನ್ನ ರದ್ದಿ ಅಂಗಡಿಯಲ್ಲಿ ಕೂತು, ಬಂದ ಗಿರಾಕಿಗಳಿಗೆ ಏನು ಹೇಳಿದೆ, ಅವರು ಏನು ಕೇಳಿದರು ಎಂಬುದೇ ಅವನಿಗೆ ನೆನಪಾಗುತ್ತಿರಲಿಲ್ಲ. ಮರಾಠಿ ಪೇಪರುಗಳನ್ನೂ ಶಾಲೆಯ ಹಳೆ ಪಠ್ಯಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದ. ಅಂಗಡಿ ತೆರೆದಾಗಿನಿಂದ ಅವನ ಜೊತೆಗೇ ದುಡಿಯುತ್ತಿದ್ದ ಸಮಾಧಾನಕಾಕಾ ಅದನ್ನು ನೋಡಿ, ಏನೂ ಅನ್ನದೆ, ಸುತಳಿ ಬಿಚ್ಚಿ ಎರಡನ್ನೂ ಬೇರೆ ಮಾಡಿದ. ಆ ಏನೂ ಅನ್ನದಿರುವುದೇ ಅಮೀರನಿಗೆ ಚುಚ್ಚಿತು. ತನ್ನ ಸುತ್ತಲಿನವರೆಲ್ಲ ತನಗೆ ಏನೂ ಅನ್ನುವುದಿಲ್ಲ. ಮನೆಯಲ್ಲಿ ತಸ್ಲೀಮಳೂ ಅಷ್ಟೆ. ಹೋದ ತಿಂಗಳು ಮಗಳ ಶಾಲೆಯ ಸಭೆಗೆ ಹೋಗುವುದನ್ನು ಮರೆತು ಅಂಗಡಿಯಲ್ಲೇ ಕೂತಿದ್ದಾಗ ಅವಳು ಒಬ್ಬಳೇ ಹೋಗಿ ಬಂದು, "ಹೋಗ್ಲಿ ಬಿಡ್ರಿ, ನೆನಪಾಗಿರಾಕಿಲ್ಲ" ಅಂದಿದ್ದಳು. ಬೇರೆ ಹೆಂಡತಿಯಾಗಿದ್ದರೆ ಓಣಿಗೆ ಕೇಳುವಂತೆ ಬೈಯುತ್ತಿದ್ದಳು. ಇವಳು ಬೈಯುವುದಿಲ್ಲ. ತಾನು ತಪ್ಪು ಮಾಡಿದಾಗಲೆಲ್ಲ ಅವಳ ಕಣ್ಣಿನಲ್ಲಿ ಆ ಹಳೆಯ ದಿನ ಒಮ್ಮೆ ಮಿಂಚಿ, ಇಂಥ ಮನುಷ್ಯನಿಗೆ ಏನು ಅನ್ನುವುದು ಎಂಬ ಭಾವ ಬಂದು ಕೂರುವುದನ್ನು ಅಮೀರ ಎಷ್ಟೋ ಸಲ ಕಂಡಿದ್ದ. ಕಂಡು, ಕಳವಿನ ಮಾಲಿಗೆ ಶಾಬಾಸ್ ಅನ್ನಿಸಿಕೊಂಡವನ ಹಾಗೆ ಮುಖ ತಿರುಗಿಸಿಕೊಂಡಿದ್ದ.

ಇಂದು ನಾಷ್ಟಾದ ಹೊತ್ತಿಗೆ ಅವಳೇ ತನ್ನ ತಂಗಿಯ ಲಗ್ನದ ಮಾತು ತೆಗೆದಿದ್ದಳು. "ಸಂಜೀಕ ಕೊಗನೊಳ್ಳಿಗೆ ಹೋಗಿ ಹುಡುಗನ್ನ ನೋಡ್ಕೊಂಡ ಬರ್ರಿ. ನಾಜಿಮಾ ಏನಂದಾಳ ಗೊತ್ತೈತೇನ್ರಿ? ದುಲ್ಹೇಭಾಯಿ ಹೂಂ ಅಂದ್ರ ನಂದೂ ಹೂಂ, ಅವರು ಊಹೂಂ ಅಂದ್ರ ಊಹೂಂ. ಅಪ್ಪಾನ ಮುಂದ ಹಂಗ ಹೇಳ್ಯಾಳ."

"ಲಗ್ನ ಆಗಾಕಿ ಅಕಿ. ನನ್ನ ಹೂಂ ಏನ ಮಾಡೂದೈತಿ?"

"ಯಾಕಂದ್ರ ಚಿಕ್ಕೋಡಿ ಸ್ಟ್ಯಾಂಡಿನಾಗ ಅಕಿನೂ ಇದ್ಲಲ್ರಿ" ಎಂದು ತಸ್ಲೀಮ ನಕ್ಕಿದ್ದಳು. ಅಮೀರನ ಬಾಯೊಳಗಿನ ಭಕ್ಕರಿ ಒಣಗಿತ್ತು.

ಚಿಕ್ಕೋಡಿ ಸ್ಟ್ಯಾಂಡು. ಎಂಟು ವರ್ಷವಾಗುತ್ತ ಬಂದರೂ ಆ ಮಾತು ಹಳತಾಗಲೊಲ್ಲದು. ಲಗ್ನವಾದ ಮೇಲೆ ಮೊದಲ ಸಲ ತವರಿಗೆ ಹೋಗಿದ್ದ ತಸ್ಲೀಮಳನ್ನು ಕರೆತರಲು ಅವನು ಐಗಳಿಗೆ ಹೋಗಿದ್ದ. ಜೊತೆಗೆ ನಾಲ್ಕು ದಿನ ಇರಲೆಂದು, ಆಗಿನ್ನೂ ಶಾಲೆಯ ಹುಡುಗಿಯಾಗಿದ್ದ ತಂಗಿ ನಾಜಿಮಾಳನ್ನೂ ಕಳಿಸಿದ್ದರು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಬಿಸಿಲೆಂದರೆ ಎಂಥ ಬಿಸಿಲು, ನೆಲದಿಂದ ಝಳ ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ಇಳಿದು ನಾಲ್ಕು ಹೆಜ್ಜೆ ಇಡುವುದರೊಳಗೆ ತಸ್ಲೀಮಳ ಹೊಸ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ನಿಪ್ಪಾಣಿ ಬಸ್ಸು ನಿಂತದ್ದು ಆ ತುದಿಗೆ. ಅವಳು ಬುರ್ಖಾ ತುಸು ಎತ್ತಿ ಹಿಡಿದು ಒಂಟಿಗಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತು, ಯಾರಾದರೂ ನೋಡಿಯಾರೆಂದು ಅಳುಮುಖ ಮಾಡಿದ್ದಳು. ಅಮೀರ ಅವಳನ್ನು ನೋಡಿದ, ಆ ಬಸ್ಸನ್ನು ನೋಡಿದ. ಆಮೇಲೆ ತನ್ನ ಎರಡೂ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದು, "ನಡಿ" ಅಂದ. ಇಬ್ಬರೂ ಬರಿಗಾಲಿನಲ್ಲಿ, ಕಾದ ಡಾಂಬರಿನ ಮೇಲೆ, ಒಬ್ಬರ ಪಕ್ಕ ಒಬ್ಬರು ಹೋಗಿ ಬಸ್ಸು ಹತ್ತಿದರು. ಆದದ್ದು ಇಷ್ಟೇ. ಆದರೆ ನಾಜಿಮಾ ಐಗಳಿಗೆ ಹೋಗಿ ಹೇಳಿದಳು, ಐಗಳಿಯಿಂದ ಅದು ಅಥಣಿಯ ಬೀಗರ ಮನೆಗೆ ಹೋಯಿತು, ಹೋಗುತ್ತ ಹೋಗುತ್ತ ಕಥೆಯಲ್ಲಿ ಅಂಗಾಲಿಗೆ ಬೊಬ್ಬೆ ಎದ್ದವು, ಅವನು ಹೆಂಡತಿಯ ಚಪ್ಪಲಿಯನ್ನೂ ತಾನೇ ಹಿಡಿದಿದ್ದನೆಂದಾಯಿತು. ಲಗ್ನದ ಮನೆಗಳಲ್ಲಿ ಹೆಂಗಸರು ಅವನನ್ನು ತೋರಿಸಿ, "ಚಪ್ಪಲ ಬಿಟ್ಟ ಅಳ್ಯಾ ಅಂದ್ರ ಇವರ ನೋಡ್ರಿ" ಅನ್ನುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಎಷ್ಟು ಸಂಕೋಚದ ಮನುಷ್ಯ ಎಂದು ಅವರಿಗೆ ಇನ್ನೂ ಮೆಚ್ಚಿಕೆ.

ಅದು ತನ್ನದಲ್ಲ ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಅದು ಒಂದು ಪುಸ್ತಕದ್ದು. ಕೊಲ್ಲಾಪುರದ ಯಾವುದೋ ಹಾಸ್ಟೆಲಿನಿಂದ ಬಂದ ರದ್ದಿಯಲ್ಲಿ ಸಿಕ್ಕ ಜಪಾನಿನ ಚಿತ್ರಕಥೆ, ಇಂಗ್ಲಿಷಿಗೆ ಇಳಿಸಿದ್ದು. ಅಂಥದ್ದಕ್ಕೆ ಮಾಂಗಾ ಅನ್ನುತ್ತಾರೆಂದು ಆಮೇಲೆ ಮೊಬೈಲಿನಲ್ಲಿ ನೋಡಿ ತಿಳಿದಿದ್ದ. "ಮಾಲಕ, ಇದನ್ನ ಉಲ್ಟಾ ಛಾಪ್ಸ್ಯಾರ್ರಿ" ಎಂದು ಸಮಾಧಾನಕಾಕಾ ಅದನ್ನು ಬದಿಗೆ ಎಸೆದಿದ್ದ. ಅಮೀರನಿಗೆ ಉಲ್ಟಾ ಅನ್ನಿಸಲಿಲ್ಲ. ಸಣ್ಣಂದಿನಲ್ಲಿ ಮಸೀದಿಯ ಕಟ್ಟೆಯ ಮೇಲೆ ಕೂತು ಅರಬಿ ಪಾಠ ಓದಿದ ಬೆರಳುಗಳು ತಾವಾಗಿಯೇ ಬಲಗಡೆಯಿಂದ ರಟ್ಟು ತೆರೆದವು. ಆಗ ತಸ್ಲೀಮಳ ಜೊತೆ ನಿಶ್ಚಯವಾಗಿತ್ತು, ಲಗ್ನಕ್ಕೆ ಇನ್ನೂ ತಿಂಗಳುಗಳಿದ್ದವು. ಅವಳನ್ನು ಅವನು ಚಹಾದ ತಟ್ಟೆಯ ಆಚೆ ಒಮ್ಮೆ ನೋಡಿದ್ದ ಅಷ್ಟೆ, ಅದೂ ಹೆಚ್ಚಾಗಿ ಬಳೆಗಳನ್ನು. ರದ್ದಿ ಕಟ್ಟಲು ಉಸ್ತಾದರಿದ್ದರು, ಗಂಡನಾಗುವುದನ್ನು ಕಲಿಸಲು ಯಾರಿದ್ದರು? ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನೂ ಅವನು ಕೇಳಿರಲಿಲ್ಲ. ಗೆಳೆಯರು ಅಂಥ ಮಾತು ಸುರುಮಾಡಿದರೆ ಎದ್ದು ಹೋಗಿಬಿಡುತ್ತಿದ್ದ. ಹೀಗಿರುವಾಗ ಈ ಪುಸ್ತಕ. ಹಿರಿಯರು ಗೊತ್ತುಮಾಡಿದ ಲಗ್ನ, ಒಬ್ಬರ ಮುಖ ಒಬ್ಬರು ನೋಡಿಲ್ಲ, ಗಾಣದವನ ಮಗಳು ಗುಡ್ಡದೂರಿನ ಗಂಟೆ ಎರಕ ಹೊಯ್ಯುವವನ ಮನೆಗೆ ಹಿಮದಲ್ಲಿ ನಡೆದು ಬರುತ್ತಾಳೆ. ಅವನು ಮಾತು ಕಡಿಮೆ. ಆದರೆ ಅವಳು ಮೆಲ್ಲಮೆಲ್ಲಗೆ ಅವನನ್ನು ಹಚ್ಚಿಕೊಳ್ಳುತ್ತಾಳೆ. ಇಂಗ್ಲಿಷ್ ಅಷ್ಟಕ್ಕಷ್ಟೆ ಇದ್ದ ಅಮೀರ ಅಕ್ಷರ ಬಿಟ್ಟು ಚಿತ್ರಗಳನ್ನೇ ನೋಡಿದ್ದ, ಪರೀಕ್ಷೆಗೆ ಓದಿದ ಹಾಗೆ ನೋಡಿದ್ದ. ನಿಕಾಹ್ ಆದ ರಾತ್ರಿ ಆ ಗಂಟೆಯವನ ಹಾಗೆ ಗಂಭೀರವಾಗಿ ಸುಮ್ಮನೆ ಕೂತಿದ್ದ, ತಸ್ಲೀಮ ಏನೋ ತಪ್ಪಾಗಿದೆಯೆಂದು ಹೆದರಿ ಅತ್ತೇಬಿಟ್ಟಿದ್ದಳು. ಮರುದಿನ ಅವನ ಹಾಗೆಯೇ ತಾನೇ ಚಹಾ ಮಾಡಿ ಬಾಗಿಲ ಹತ್ತಿರ ಇಟ್ಟು ಹೋಗಿದ್ದ, ಅವಳು ಎಚ್ಚರಾಗುವಷ್ಟರಲ್ಲಿ ಅದರ ಮೇಲೆ ಕೆನೆಗಟ್ಟಿ ಇರುವೆ ಮುತ್ತಿದ್ದವು. ಆಮೇಲೆ ಚಿಕ್ಕೋಡಿ. ಅದೊಂದು ಫಲಿಸಿತು. ಫಲಿಸಿದ್ದೇ ಶೂಲವಾಯಿತು.

"ಕಾಕಾ, ಗೋದಾಮಿನಾಗಿನ ರಟ್ಟು ಒಂದೀಟ ಒಳಗ ಹೊಂದಿಸಿ ಬರ್ರಿ" ಎಂದು ಅವನನ್ನು ಕಳಿಸಿ, ಅಮೀರ ಹಿಂಗೋಡೆಯ ಮೂಲೆಯಲ್ಲಿ ಹಳೆ ಡೈರಿಗಳ ಹಿಂದೆ ಇಟ್ಟಿದ್ದ ಆ ಪುಸ್ತಕ ತೆಗೆದ. ಲಗ್ನವಾದ ಮೇಲೆ ಅವನು ಅದನ್ನು ಮುಟ್ಟಿರಲಿಲ್ಲ, ಮಾರಲೂ ಮನಸ್ಸು ಬಂದಿರಲಿಲ್ಲ. ಕಾಗದ ಅಂಚಿನಲ್ಲಿ ಹಳದಿಯಾಗಿತ್ತು. ಯಾಕೆ ತೆಗೆದೆ ಎಂದು ಕೇಳಿದ್ದರೆ ಹೇಳುವುದು ಕಷ್ಟವಿತ್ತು. ಇನ್ನೊಬ್ಬ ಹುಡುಗಿಯ ಲಗ್ನ ಇದರ ಮೇಲೆ ನಿಲ್ಲುತ್ತದೆಂದಾಗ, ಮೂಲ ಎಷ್ಟಿತ್ತು, ತಾನು ಕದ್ದದ್ದು ಎಷ್ಟು ಎಂದು ಒಮ್ಮೆ ಕಣ್ಣಾರೆ ನೋಡಿಬಿಡಬೇಕು ಅನ್ನಿಸಿತ್ತು. ನೋಡಿ, ಸಂಜೆ ನಾಜಿಮಾಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು. ಹೇಳಿದ ಮೇಲೆ ಅದು ತಸ್ಲೀಮಳ ಕಿವಿಗೆ ಬೀಳುತ್ತದೆ. ಬಿದ್ದ ಮೇಲೆ ಅವಳ ಕಣ್ಣಿನಲ್ಲಿ ಏನು ಮಿಂಚುತ್ತದೆ ಎಂಬುದನ್ನು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ರಟ್ಟು ತೆರೆದ.

ಈ ಸಲ ಅಕ್ಷರಗಳನ್ನೂ ಓದಿದ, ಬೆರಳಿಟ್ಟು, ತಿಳಿಯದ ಶಬ್ದಗಳನ್ನು ಮೊಬೈಲಿನಲ್ಲಿ ನೋಡುತ್ತ. ಓದಿದಷ್ಟೂ ಕಥೆ ಬೇರೆಯಾಗತೊಡಗಿತು. ಗಾಣದವನ ಮಗಳು ಮೊದಲ ದಿನವೇ ಗಂಡನಿಗೆ ನೂರು ಮಾತು ಕೇಳುತ್ತಾಳೆ, ಅವನು ಕಿಟಕಿಯ ಕಡೆ ನೋಡುತ್ತಿರುತ್ತಾನೆ. ಎಂಟು ವರ್ಷದ ಹಿಂದೆ ಅಮೀರ ಇದನ್ನು ದೊಡ್ಡ ಗಾಂಭೀರ್ಯವೆಂದು ತಿಳಿದು ಕನ್ನಡಿಯ ಮುಂದೆ ಆ ಮುಖ ಮಾಡಿ ನೋಡಿದ್ದ. ಈಗ ನೋಡಿದರೆ ಅತ್ತೆ ಸೊಸೆಯ ಕಿವಿಯಲ್ಲಿ ಹೇಳುತ್ತಿದ್ದಾಳೆ: ನನ್ನ ಮಗನಿಗೆ ಎಡಗಿವಿ ಕೇಳಿಸುವುದಿಲ್ಲ, ಗಂಟೆಗಳ ಸಪ್ಪಳಕ್ಕೆ ಹೋಯಿತು, ನೀನು ಬಲಗಡೆ ನಿಂತು ಮಾತಾಡು. ಅಮೀರನಿಗೆ ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯೂ ಬಂತು. ಕಿವುಡನ ಮೌನವನ್ನು ತಾನು ನಿಕಾಹ್ ರಾತ್ರಿ ನಟಿಸಿ ಆ ಹುಡುಗಿಯನ್ನು ಅಳಿಸಿದೆನಲ್ಲ! ಪುಟ ತಿರುವಿದ. ಚಹಾ ಇತ್ತು, ಬಾಗಿಲ ಹತ್ತಿರ ಇಟ್ಟದ್ದು, ಹಬೆಯಾಡುತ್ತಿತ್ತು. ಅಲ್ಲಿಯ ಚಹಾಕ್ಕೆ ಹಾಲಿಲ್ಲ, ಕೆನೆಗಟ್ಟುವುದಿಲ್ಲ. ಅದು ಕದ್ದದ್ದು, ಹೌದು. ಇನ್ನು ಸ್ವಲ್ಪ ಮುಂದೆ ಹೋದರೆ ಆ ಪುಟ ಬರುತ್ತದೆ. ಅದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು: ಹಿಮದ ದಾರಿ, ಹುಡುಗಿಯ ಕಟ್ಟಿಗೆ ಚಪ್ಪಲಿಯ ಉಂಗುಟ ಕಿತ್ತಿದೆ, ಗಂಟೆಯವನು ತನ್ನದನ್ನೂ ಬಿಟ್ಟು ಕೈಯಲ್ಲಿ ಹಿಡಿದಿದ್ದಾನೆ, ಕೆಳಗಿನ ಅರ್ಧ ಪುಟದ ತುಂಬ ಬಿಳಿ, ಬಿಳಿಯ ಮೇಲೆ ಎರಡು ಜೊತೆ ಬರಿಗಾಲಿನ ಗುರುತು.

ಪುಟ ಬಂತು. ಹಿಮ ಇತ್ತು. ಉಂಗುಟ ಕಿತ್ತಿತ್ತು. ಹುಡುಗಿ ಒಂಟಿಗಾಲಿನಲ್ಲಿ ನಿಂತಿದ್ದಳು. ಗಂಟೆಯವನು ಚಪ್ಪಲಿ ಬಿಟ್ಟಿರಲಿಲ್ಲ. ಮೊಣಕಾಲೂರಿ ಕೂತಿದ್ದ. ತನ್ನ ಕೊರಳಿನ ವಸ್ತ್ರದ ಅಂಚು ಹರಿದು, ಹೊಸೆದು, ತೂತಿನೊಳಗೆ ತೂರಿಸಿ ಉಂಗುಟ ಕಟ್ಟಿಕೊಡುತ್ತಿದ್ದ, ಅವಳು ಬೀಳದ ಹಾಗೆ ಅವನ ಹೆಗಲು ಹಿಡಿದಿದ್ದಳು. ಕೆಳಗೆ ಬಿಳಿಯ ಅರ್ಧಪುಟ ಇದ್ದೇ ಇತ್ತು. ಅದರ ಮೇಲಿನ ಗುರುತುಗಳು ಬರಿಗಾಲಿನವಲ್ಲ, ಕಟ್ಟಿಗೆ ಚಪ್ಪಲಿಯ ಅಡಿಯ ಹಲ್ಲುಗಳವು, ಎರಡೆರಡು ಗೆರೆ, ಎರಡೆರಡು ಗೆರೆ. ಅಮೀರ ಹಾಳೆ ಏನಾದರೂ ಕಳೆದಿದೆಯೋ ಎಂದು ಅಂಕಿ ನೋಡಿದ. ಎಲ್ಲ ಸಾಲಾಗಿದ್ದವು. ಮುಂದಿನ ಭಾಗದಲ್ಲಿರಬಹುದೆಂದು ಕೊನೆಯತನಕ ಹುಡುಕಿದ, ಹಿಂದಕ್ಕೆ ಬಂದು ಹುಡುಕಿದ, ನಡುವೆ ರದ್ದಿ ತೂಗಿಸಲು ಬಂದ ಒಬ್ಬ ಹೆಣ್ಣುಮಗಳನ್ನು "ನಾಳೆ ಬರ್ರಿ ಅಕ್ಕಾ" ಎಂದು ಕಳಿಸಿಯೂಬಿಟ್ಟ. ಎಲ್ಲಿಯೂ ಯಾರೂ ಬರಿಗಾಲಿನಲ್ಲಿ ನಡೆದಿರಲಿಲ್ಲ. ಇಡೀ ಪುಸ್ತಕದಲ್ಲಿ ಒಬ್ಬ ಮನುಷ್ಯನೂ ಚಪ್ಪಲಿ ಕೈಯಲ್ಲಿ ಹಿಡಿದಿರಲಿಲ್ಲ.

ಹಾಗಾದರೆ ಅದು ಎಲ್ಲಿಂದ ಬಂತು? ಸಣ್ಣಂದಿನಲ್ಲಿ ಎಲ್ಲಾದರೂ ನೋಡಿದ್ದೆನೇ, ಯಾರಾದರೂ ಹೇಳಿದ್ದರೇ ಎಂದು ನೆನಪನ್ನೆಲ್ಲ ಜಾಡಿಸಿದ. ಏನೂ ಬೀಳಲಿಲ್ಲ. ಆ ಮಧ್ಯಾಹ್ನ ಅವಳು ಅಳುಮುಖ ಮಾಡಿ ನಿಂತಿದ್ದಳು, ಅವನಿಗೆ ಏನು ಮಾಡಬೇಕೆಂದು ತೋಚಿರಲಿಲ್ಲ, ಕೈಕಾಲು ತಾವೇ ಏನೋ ಮಾಡಿದ್ದವು. ಆಮೇಲೆ ಎಂದೋ, ಜನ ಹೊಗಳಲು ಸುರುಮಾಡಿದ ಮೇಲೆ, ಇಷ್ಟು ಒಳ್ಳೆಯದು ನನ್ನಿಂದ ಹೇಗಾದೀತು ಎಂದು ಅವನೇ ಅದನ್ನು ಪುಸ್ತಕದ ಹಿಮದೊಳಗೆ ಒಯ್ದು ಇಟ್ಟಿದ್ದ. ಇಟ್ಟು, ಕಳ್ಳನೆಂದು ತನ್ನನ್ನು ತಾನೇ ಹಿಡಿದುಕೊಂಡಿದ್ದ. ಅದಕ್ಕಿಂತ ದೊಡ್ಡ ತಮಾಷೆ ಆಗ ಹೊಳೆಯಿತು. ಕಟ್ಟಿಕೊಡುವುದು ಪುಸ್ತಕದಲ್ಲೇ ಇತ್ತು. ನಕಲು ಮಾಡುವವನಾಗಿದ್ದರೆ ಅದನ್ನು ಮಾಡಬೇಕಿತ್ತು. ರದ್ದಿ ಅಂಗಡಿಯವನ ಕಿಸೆಯಲ್ಲಿ ಸುತಳಿ ಇಲ್ಲದ ದಿನವಿದೆಯೇ? ಅವತ್ತೂ ಇತ್ತು. ಕಿಸೆಯಲ್ಲಿ ಸುತಳಿ ಇಟ್ಟುಕೊಂಡು, ಹೊಸ ಹೆಂಡತಿಯನ್ನು ಕೆಂಡದಂಥ ನೆಲದ ಮೇಲೆ ನಡೆಸಿ, ತಾನೂ ನಡೆದ ಶಾಣ್ಯಾ! ಅಮೀರ ಒಬ್ಬನೇ ನಕ್ಕ. ನಗು ನಿಲ್ಲಲೊಲ್ಲದು. ಪೇಪರಿನ ಗಂಟಿಗೆ ಒರಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವತನಕ ನಕ್ಕ. ಬಹಳ ದಿನದಿಂದ ಬಿಗಿದುಕೊಂಡಿದ್ದ ಹೆಗಲು ಇಳಿಬಿದ್ದು, ಕತ್ತು ಹಗುರಾಗಿ, ಅಂಗಡಿಯ ಹಳೆ ಕಾಗದದ ವಾಸನೆ ಮೂಗಿಗೆ ಹೊಸದಾಗಿ ಬಡಿಯಿತು.

ಗೋದಾಮಿನಿಂದ ಬಂದ ಸಮಾಧಾನಕಾಕಾ ಬಾಗಿಲಲ್ಲೇ ನಿಂತ. "ಏನ ಆತ್ರಿ ಮಾಲಕ? ಏನದು ಪುಸ್ತಕ?"

"ಲಗ್ನದ ಕತಿ, ಕಾಕಾ. ಜಪಾನದವರ ಲಗ್ನ."

"ಅವರದೂ ಲಗ್ನ ನಗೂ ಹಂಗನ ಇರತೈತೇನ್ರಿ?"

"ನಮ್ಮದರಷ್ಟ ಅಲ್ಲ" ಅಂದ ಅಮೀರ. ಪುಸ್ತಕವನ್ನು ಹಿಂಗೋಡೆಯ ಮೂಲೆಗೆ ಒಯ್ಯಲಿಲ್ಲ, ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿಟ್ಟು ಗಾಡಿ ಚಾಲೂ ಮಾಡಿದ.

ಕೊಗನೊಳ್ಳಿಯಲ್ಲಿ ಹೆದ್ದಾರಿಯ ಬದಿಗೇ ನೋಡಬೇಕಿದ್ದ ಹುಡುಗ ಅಫ್ಜಲನ ವೆಲ್ಡಿಂಗ್ ಅಂಗಡಿ. ಕಬ್ಬಿನ ಟ್ರೇಲರುಗಳನ್ನು ಕಟ್ಟಿಕೊಡುತ್ತಿದ್ದ. ತೆಳ್ಳಗಿನ ಹುಡುಗ, ಬರುವವರಿದ್ದಾರೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಆದರೆ ಕಿಡಿ ಸಿಡಿದು ಅದರ ತೋಳಿಗೂ ಆಗಲೇ ಸಣ್ಣ ತೂತು ಬಿದ್ದಿತ್ತು. ಕುರ್ಚಿ ಒರೆಸಿದ, ಕುರ್ಚಿಯನ್ನು ನೆರಳಿಗೆ ಎಳೆದ, ಮತ್ತೆ ಒರೆಸಿದ. ದಾರಿಯುದ್ದಕ್ಕೂ ಅಮೀರ, ಹುಡುಗನನ್ನು ಏನು ಕೇಳಬೇಕು, ಯಾವ ಮಾತಿನಿಂದ ಮನುಷ್ಯ ತಿಳಿಯುತ್ತಾನೆ ಎಂದು ಯೋಚಿಸುತ್ತ ಬಂದಿದ್ದ. ಕೇಳುವ ಮೊದಲೇ ಅಫ್ಜಲ ಬಾಯಿಬಿಟ್ಟ.

"ಭಾಯಿ, ಒಂದ ಮಾತ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಚಪ್ಪಲಿ ಸುದ್ದಿ ಇಲ್ಲೀತನ ಬಂದೈತ್ರಿ. ನಾಜಿಮಾ ಅವರಿಗೆ ಅಂಥಾವ್ರು ಬೇಕಂತ ಕೇಳೀನಿ. ನಂಗ ಅಂಥಾದ್ದು ಬರೂದಿಲ್ರಿ. ಮೊಬೈಲನಾಗ ನೋಡಿ ನಾಕ ಚಲೋ ಮಾತ ಕಲ್ತಿದ್ದೆ, ನೀವು ಬರೂದ ನೋಡಿ ಅವೂ ಮರತ ಹೋದ್ವು."

ಅವನ ಮೂಗಿನ ತುದಿಯಲ್ಲಿ ಬೆವರಿತ್ತು. ಅಮೀರನಿಗೆ ಕನ್ನಡಿಯ ಮುಂದೆ ಗಂಭೀರ ಮುಖ ಮಾಡಿ ನಿಂತಿದ್ದ ಒಬ್ಬ ಹುಡುಗ ಕಂಡ. ನಿನ್ನೆಯಾಗಿದ್ದರೆ ನಾಚಿ ಅತ್ತ ಮುಖ ಮಾಡುತ್ತಿದ್ದ. ಈಗ ಆ ಹುಡುಗನ ಮೇಲೆ ಪ್ರೀತಿಯೇ ಉಕ್ಕಿತು.

"ಕಲ್ತರೇನ ತಪ್ಪಿಲ್ಲಪ. ನಾನೂ ಕಲ್ತಿದ್ದೆ, ಒಂದೂ ಸರಿ ಹೋಗ್ಲಿಲ್ಲ. ಆ ಚಪ್ಪಲಿ ಸುದ್ದಿ ಅಂತೀಯಲ್ಲ, ಅದು ಶಾಣ್ಯಾತನ ಅಲ್ಲ. ಅವತ್ತ ನನ್ನ ಕಿಸೇದಾಗ ಸುತಳಿ ಇತ್ತು. ಕಟ್ಟಿಕೊಟ್ಟಿದ್ರ ಮುಗೀತಿತ್ತು. ಹೊಳೀಲಿಲ್ಲ."

ಅಫ್ಜಲ ಅವನ ಮುಖ ನೋಡಿದ, ನಗಬೇಕೋ ಬೇಡವೋ ಎಂದು ಕಾದ, ಆಮೇಲೆ ತಡೆಯಲಾರದೆ, "ನಾ ಆಗಿದ್ರ ವೆಲ್ಡಿಂಗ ಮಾಡಿ ಕೊಟ್ಟಬಿಡ್ತಿದ್ನೋ ಏನೋ ಭಾಯಿ" ಅಂದ. ಇಬ್ಬರೂ ನಕ್ಕರು. ಕೆಲಸ ಮಾಡುತ್ತಿದ್ದ ಆಳುಗಳು ತಿರುಗಿ ನೋಡಿದರು.

ಅಮೀರ ತುಸು ದೂರ ಹೋಗಿ ಐಗಳಿಗೆ ಫೋನು ಹಚ್ಚಿದ. ಕಾದು ಕೂತವಳ ಹಾಗೆ ನಾಜಿಮಾ ಕೂಡಲೇ ಎತ್ತಿದಳು.

"ಹೆಂಗದಾರ್ರಿ ದುಲ್ಹೇಭಾಯಿ?"

"ಹೆದರ್ಯಾನ. ಖರೇ ಮಾತಾಡತಾನ. ನಗಸ್ತಾನ. ಇದಕ್ಕಿಂತ ಹೆಚ್ಚಿಂದು ನಂಗ ತಿಳಿಯೂದಿಲ್ಲವಾ."

"ಅಂದ್ರ ಹೂಂ ಅಂತೀರೇನ್ರಿ?"

"ನಾ ಹೂಂನೂ ಅನ್ನೂದಿಲ್ಲ, ಊಹೂಂನೂ ಅನ್ನೂದಿಲ್ಲ. ನನ್ನ ಹೂಂ ಹಿಡಕೊಂಡ ನೀ ಬಾಳೇವು ಮಾಡಾಕ ಆಗೂದಿಲ್ಲ. ಹುಡುಗ ಇಲ್ಲೇ ಅದಾನ, ನೀನ ಮಾತಾಡು."

ತಾನು ಕೈಬಿಟ್ಟೆನೆಂದು ತಿಳಿದಳೋ ಏನೋ ಎಂದು ಅಮೀರ ಅಳುಕಿದ. ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು.

"ದುಲ್ಹೇಭಾಯಿ, ನಂದು ಬಿ.ಎಡ್. ಮುಗಿಯಾಕ ಎರಡ ವರ್ಷ ಐತ್ರಿ. ಅದನ್ನ ಮುಗಿಸಿನ ಲಗ್ನ ಅಂತ ನನ್ನ ಮನಸಿನ್ಯಾಗ. ಅಪ್ಪಾನ ಮುಂದ ಬಾಯಿ ಬರ್ಲಿಲ್ಲ. ಅದಕ್ಕ ನಿಮ್ಮ ಮ್ಯಾಲ ಹಾಕಿ ಪಾರಾದೆ. ನೀವೆಲ್ಲಿ ಹೂಂ ಅಂದಬಿಡ್ತೀರೋ, ನೀವು ಅಂದ ಮ್ಯಾಲ ಯಾರಿಗೂ ಏನೂ ಅನ್ನಾಕ ಬರೂದಿಲ್ಲಂತ ಮುಂಜಾನಿಂದ ಜೀವ ಹಾರಾಕತ್ತಿತ್ರಿ."

ಅಮೀರ ಫೋನು ಹಿಡಿದೇ ಅಫ್ಜಲನ ಕಡೆ ನಡೆದ. ತನ್ನ ಒಳ್ಳೆಯತನ ಒಬ್ಬ ಹುಡುಗಿಯ ಬಾಯಿಗೆ ಬೀಗವಾಗುತ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು. "ಇದನ್ನ ಅವಂಗ ಹೇಳು, ಅಪ್ಪಾಗ ನಾ ಹೇಳ್ತೀನಿ" ಎಂದು ಫೋನನ್ನು ಅಫ್ಜಲನ ಕೈಗಿಟ್ಟು ಟ್ರೇಲರಿನ ಆಚೆ ಹೋದ. ಅಫ್ಜಲ ಮೊದಲು ಸಾಹೇಬರ ಮುಂದೆ ನಿಂತವನ ಹಾಗೆ ನೆಟ್ಟಗೆ ನಿಂತು ಮಾತಾಡಿದ. ಆಮೇಲೆ ನೋಡಿದರೆ ಟ್ರೇಲರಿನ ಮುಂದೆ ಚಾಚಿದ ಮೂಕಿಯ ಮೇಲೆ ಕೂತಿದ್ದ. ಇನ್ನೂ ಸ್ವಲ್ಪ ಹೊತ್ತಿಗೆ, ಇಸ್ತ್ರಿ ಅಂಗಿಯ ತೋಳಿನ ತೂತಿನಲ್ಲಿ ಬೆರಳು ಹಾಕಿ ತಿರುವುತ್ತ, ತಲೆ ಬಗ್ಗಿಸಿ ನಗುತ್ತಿದ್ದ.

"ಎರಡ ವರ್ಷ ತಡೀರಿ ಅಂದ್ರು" ಎಂದು ಬಂದು ಫೋನು ಕೊಟ್ಟ.

"ನೀ ಏನಂದಿ?"

"ತಡೀತೀನ್ರಿ ಅಂದೆ. ನಂಗೂ ಮ್ಯಾಲಿನ ಖೋಲಿ ಕಟ್ಟೂದೈತಿ. ಮತ್ತ... ಫೋನ ಮಾಡಲೇನ್ರಿ ಅಂತ ಕೇಳಿದೆ ಭಾಯಿ. ಐತವಾರಕ್ಕೊಮ್ಮೆ ಅಷ್ಟ ಅಂದ್ರು." ಅವನ ಮುಖ ನೋಡಿದರೆ ಲಾಟರಿ ಹತ್ತಿದ ಹಾಗಿತ್ತು.

ಅಮೀರ ಗಾಡಿಯ ಹತ್ತಿರ ಬರುವುದರೊಳಗೆ ತಸ್ಲೀಮಳ ಫೋನು ಬಂತು. ಸುದ್ದಿ ಐಗಳಿಯಿಂದ ನಿಪ್ಪಾಣಿಗೆ ಅವನಿಗಿಂತ ಮೊದಲು ಮುಟ್ಟಿತ್ತು.

"ಏನ್ ಮಾಡಿ ಕುಂತೀರಿ ನೀವು? ಹುಡುಗನ್ನ ನೋಡ್ಕೊಂಡ ಬರ್ರಿ ಅಂದ್ರ ಹುಡುಗನ ಕೈಯಾಗ ಫೋನ ಕೊಟ್ಟ ನಿಂತೀರೇನ್ರಿ? ಎರಡ ವರ್ಷ ಅಂದ್ರ ಬಾಯಿ ಮಾತೇನ್ರಿ? ಅಪ್ಪಾ ಎಲ್ಲಾ ಕೇಳ್ಸಿಕೊಂಡ ಹೊರಗ ಕಟ್ಟೀ ಮ್ಯಾಲ ಕುಂತಾರಂತ, ಯಾರ ಕೂಡಾನೂ ಮಾತಾಡವಲ್ರಂತ! ಅಲ್ಲಾ, ಒಂದ ಮಾತ ನನ್ನ ಕೇಳಬಾರದೇನ್ರಿ? ನಿಮಗ ಬುದ್ಧಿ ಅನ್ನೂದು ಐತೋ ಇಲ್ಲೋ? ಅವತ್ತ ಮಗಳ ಶಾಲಿಗೆ ಹೋಗೂದ ಮರತ್ರಿ, ಸುಮ್ನಿದ್ದೆ. ನಮ್ಮ ಫೂಫಿ ಊರಿಂದ ಬಂದಾಗ ಅಂಗಡಿ ಬಿಟ್ಟ ಬರ್ಲಿಲ್ಲ, ಸುಮ್ನಿದ್ದೆ. ಎಲ್ಲಾದಕ್ಕೂ ಸುಮ್ನಿರಾಕ ನಾ ಏನ ಕಲ್ಲೇನ್ರಿ?"

ಕೊಲ್ಲಾಪುರದ ಕಡೆ ಹೋಗುವ ಲಾರಿಗಳು ಒಂದರ ಹಿಂದೆ ಒಂದು ಸದ್ದು ಮಾಡುತ್ತ ಹೋದವು. ಕೆಲವು ಮಾತು ಆ ಸದ್ದಿನಲ್ಲಿ ಹಾರಿಹೋಗುತ್ತಿದ್ದವು. ಅಮೀರ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಅವಳ ದನಿ ಅವನು ಎಂದೂ ಕೇಳದಷ್ಟು ಏರಿತ್ತು, ನಡುವೆ ಒಡೆಯುತ್ತಿತ್ತು, ಮನೆಯೊಳಗಿನ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದ ಸಪ್ಪಳವೂ ಬಂತು. ಎಂಟು ವರ್ಷದ ಮಾತು ಸಾಲುಗಟ್ಟಿ ಬರುತ್ತಿತ್ತು. ಗಾಡಿಗೆ ಒರಗಿ ಅವನು ಒಂದೊಂದನ್ನೂ ಕೇಳಿದ.

ಥಟ್ಟನೆ ಅವಳು ಮಾತು ನಿಲ್ಲಿಸಿದಳು. ತಾನು ಏನು ಅಂದೆನೆಂದು ಆಗ ತಿಳಿದವಳ ಹಾಗೆ ದನಿ ಸಣ್ಣದು ಮಾಡಿ, "ಯಾಕ ಸುಮ್ನಾದ್ರಿ? ಬ್ಯಾಸರಾತೇನ್ರಿ?" ಅಂದಳು.

"ಇಲ್ಲ ತಸ್ಲೀಮ" ಅಂದ ಅಮೀರ. "ಬೈಯಿ ನೀ. ಕೇಳಾಕತ್ತೀನಿ."